ಚಂದ್ರನನ್ನ ಹಿಡ್ಕೊಂಡಿರೋದು ಯಾರು?

ಸಂಚಾರಿ ತಾರಾಲಯದಲ್ಲಿ ನನ್ನ ಕೆಲಸ. ಊರೂರಿನ ಶಾಲೆಗಳಿಗೆ ಹೋಗಿ, ಫ್ಯಾನ್ ಹಾಕಿ ಗುಮ್ಮಟಕ್ಕೆ ಗಾಳಿ ತುಂಬಿಸ್ತೇವೆ, ಮಕ್ಕಳು ಬಗ್ಗಿಕೊಂಡು ಒಳಗೆ ಬರ್ತಾರೆ, ಅರ್ಧ ಗಂಟೆ ಆಕಾಶ ತೋರಿಸುತ್ತೇವೆ. ಬಾಹ್ಯಾಕಾಶ ನಿಲ್ದಾಣದ ದೃಶ್ಯ ಬಂದಾಗಲೆಲ್ಲ "ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ" ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಮೂರು ವರ್ಷ ಹಾಗೇ ಹೇಳಿದ್ದೇನೆ.

ಒಂದು ದಿನ ಏಳನೇ ಕ್ಲಾಸಿನ ಹುಡುಗನೊಬ್ಬ ಹೊರಗೆ ಬಂದು ಕೇಳಿದ: "ಸಾರ್, ಅಲ್ಲೇ ಗುರುತ್ವಾಕರ್ಷಣೆ ಇಲ್ಲ ಅಂದ್ರಿ. ಚಂದ್ರ ಅದಕ್ಕಿಂತ ದೂರ ಇದಾನೆ ಅಲ್ವಾ? ಮತ್ತೆ ಅವನನ್ನ ಹಿಡ್ಕೊಂಡಿರೋದು ಯಾರು?"

ಅವನು ಕೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಅಲ್ಲೇ ಒಪ್ಪಿಕೊಂಡೆ.

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಭೂಮಿಯ ಸೆಳೆತ ಅಲ್ಲೂ ನೆಲದ ಮೇಲಿನ ಸೆಳೆತದ 90 ಪರ್ಸೆಂಟ್‌ಗೆ ಹತ್ತಿರ ಇದೆ. ನಿಲ್ದಾಣ ಬೀಳುತ್ತಲೇ ಇದೆ, ಒಳಗಿನವರೂ ಅದರ ಜೊತೆಗೇ ಬೀಳುತ್ತಿದ್ದಾರೆ, ಅದಕ್ಕೇ ತೇಲಿದ ಹಾಗೆ ಕಾಣುತ್ತಾರೆ. ಒಂದು ಸೆಕೆಂಡಿನಲ್ಲಿ ಅದು ಸುಮಾರು 4.3 ಮೀಟರ್ ಕೆಳಗೆ ಬೀಳುತ್ತದೆ, ಆದರೆ ಅಷ್ಟರಲ್ಲಿ 7.7 ಕಿ.ಮೀ. ಮುಂದೆ ಹೋಗಿರುತ್ತದೆ, ಭೂಮಿ ದುಂಡಗಿರುವುದರಿಂದ ನೆಲವೂ ಅಷ್ಟೇ ಕೆಳಗೆ ಬಾಗಿರುತ್ತದೆ. ಹಾಗಾಗಿ ಎಷ್ಟು ಬಿದ್ದರೂ ನೆಲ ಸಿಗಲ್ಲ. ಚಂದ್ರನದೂ ಇದೇ ಕತೆ. ಸೆಕೆಂಡಿಗೆ ಒಂದು ಕಿ.ಮೀ. ಓಡುತ್ತಾನೆ, ಬೀಳುವುದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ. ಅಷ್ಟೂ ಬೀಳದಿದ್ದರೆ ಕವಣೆ ಬಿಟ್ಟ ಕಲ್ಲಿನ ಹಾಗೆ ನೇರ ಹೋಗಿಬಿಡುತ್ತಿದ್ದ.

ಆ ಸಾಲನ್ನು ಅವತ್ತೇ ತೆಗೆದು ಹಾಕಿದೆ. ಈಗ ಶೋ ಮುಗಿದ ಮೇಲೆ ಮೈದಾನಕ್ಕೆ ಕರ್ಕೊಂಡು ಹೋಗುತ್ತೇನೆ. ಚಿಕ್ಕ ಮಗುವೊಂದರ ಎರಡೂ ಕೈ ಹಿಡಿದು ಗಿರಗಿರ ತಿರುಗುತ್ತೇನೆ. ನಿಂತ ಮೇಲೆ ಎಲ್ಲರೂ ಮಣ್ಣು ನೋಡಬೇಕು. ಮಗುವಿನ ಹೆಜ್ಜೆಯದು ದೊಡ್ಡ ಸುತ್ತು, ನನ್ನದು ಚಿಕ್ಕದು, ಆದರೆ ನಾನೂ ಸುತ್ತಿದ್ದೇನೆ! ಮಕ್ಕಳಿಗೆ ಇದು ತುಂಬಾ ಇಷ್ಟ. ಚಂದ್ರನೂ ಭೂಮಿಯನ್ನು ಎಳೆಯುತ್ತಾನೆ. ಭೂಮಿ ಅವನಿಗಿಂತ 81 ಪಟ್ಟು ಭಾರ, ಅದಕ್ಕೇ ಇಬ್ಬರೂ ಸುತ್ತುವ ಬಿಂದು ಭೂಮಿಯ ಒಳಗೇ, ಅದರ ನಡುವಿನಿಂದ ಸುಮಾರು 4,700 ಕಿ.ಮೀ. ದೂರದಲ್ಲಿದೆ.

ಪ್ಲೂಟೊ ಮತ್ತು ಅದರ ಚಂದ್ರ ಕ್ಯಾರನ್ ಹಾಗಲ್ಲ, ಅವೆರಡರ ಬಿಂದು ಪ್ಲೂಟೊದ ಹೊರಗೆ, ಖಾಲಿ ಜಾಗದಲ್ಲಿದೆ. ಅದನ್ನು ತೋರಿಸಲು ಇಬ್ಬರು ಮಕ್ಕಳನ್ನೇ ತಿರುಗಿಸುತ್ತೇನೆ. ಧೂಳು ಕೆಳಗಿಳಿದ ಮೇಲೆ ನೋಡಿದರೆ, ಸುತ್ತಲೂ ಹೆಜ್ಜೆಗಳು, ನಡುವೆ ಯಾರೂ ಕಾಲಿಡದ ಒಂದು ತುಂಡು ಮಣ್ಣು.