ತಲೆಕೆಳಗಾದ ಮಿನಾರು

ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರ ಪ್ರಾಯೋಗಿಕ ಪರೀಕ್ಷೆ. ನಾನು ಎತ್ತಿದ ಚೀಟಿಯಲ್ಲಿ ಪೀನ ಮಸೂರದ ಸಂಗಮ ದೂರ (ಫೋಕಲ್ ಲೆಂಗ್ತ್) ಕಂಡುಹಿಡಿಯುವ ಪ್ರಯೋಗ ಬಂದಿತ್ತು. ಒಳಗೊಳಗೇ ಹಿಗ್ಗಿದೆ. ಅದರ ಅಂಕಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಹಾಸ್ಟೆಲಿನ ಹಿರಿಯನೊಬ್ಬನ ರೆಕಾರ್ಡ್ ಪುಸ್ತಕವನ್ನು ವರ್ಷವಿಡೀ ನಕಲು ಮಾಡಿದವನು ನಾನು. ಮಸೂರದ ಡಬ್ಬಿಯ ಮೇಲೂ 15 ಸೆಂ.ಮೀ. ಎಂದೇ ಅಂಟಿಸಿತ್ತು. ವಸ್ತುದೂರ (ಬತ್ತಿಯಿಂದ ಮಸೂರಕ್ಕೆ) 30 ಇಟ್ಟರೆ ಪ್ರತಿಬಿಂಬ ದೂರ (ಮಸೂರದಿಂದ ಪರದೆಗೆ) 30, 25ಕ್ಕೆ 37.5; 20ಕ್ಕೆ 60.

ಮೇಣದಬತ್ತಿಯ ಜ್ವಾಲೆ ಕುಣಿಯಬಾರದೆಂದು ಫ್ಯಾನ್ ಆರಿಸಿದ್ದರು. ಬೆವರು ಒರೆಸಿಕೊಳ್ಳುತ್ತ, ಪರದೆಯನ್ನು ಎರಡು ಸಲ ಹಿಂದೆ ಮುಂದೆ ಸರಿಸುವ ಶಾಸ್ತ್ರ ಮಾಡಿ ಕೋಷ್ಟಕ ತುಂಬಿಸಿದೆ. ಅನುಮಾನ ಬರದಿರಲೆಂದು 60 ಅನ್ನು 60.2 ಮಾಡಿದೆ. ಆ ಜಾಣತನ ನೆನೆದರೆ ಈಗಲೂ ನಾಚಿಕೆಗಿಂತ ನಗುವೇ ಮೊದಲು ಬರುತ್ತದೆ.

ಕಲಬುರಗಿಯಿಂದ ಬಂದಿದ್ದ ಪರೀಕ್ಷಕಿ ಕೋಷ್ಟಕದ ಮೇಲೆ ಬೆರಳಾಡಿಸಿ, ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. “ಬತ್ತಿಯನ್ನು 20ರಲ್ಲಿ ಇಟ್ಟು ಪ್ರತಿಬಿಂಬ ತೋರಿಸಪ್ಪ.”

ಇಟ್ಟೆ. ಪರದೆಯನ್ನು 60ಕ್ಕೆ ತಂದೆ. ಜ್ವಾಲೆ ಇಲ್ಲ, ಹಳದಿ ಮಬ್ಬು. 70, 80, 100. ಆಪ್ಟಿಕಲ್ ಬೆಂಚಿನ ತುದಿಗೆ ಹೋದರೂ ಅದೇ ಮಬ್ಬು. ಪಕ್ಕದ ಮೇಜಿನವನು ತನ್ನ ಲೋಲಕ ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಅವರು ಬೈಯಲಿಲ್ಲ. ಮಸೂರವನ್ನು ಹಿಡಿಕೆಯಿಂದ ಬಿಡಿಸಿಕೊಂಡು, ಒಂದು ಬಿಳಿ ಹಾಳೆ, ಒಂದು ಅಳತೆಪಟ್ಟಿ ಹಿಡಿದು ಕಿಟಕಿಯ ಎದುರಿನ ಗೋಡೆಯತ್ತ ಕರೆದರು. ನಮ್ಮ ಕಾಲೇಜು ಹಳೆಯ ಬೀದರಿನಲ್ಲಿತ್ತು. ಕಿಟಕಿಯಲ್ಲಿ ಮನೆಗಳ ಮಾಳಿಗೆಗಳಾಚೆ ಮಹಮೂದ್ ಗವಾನನ ಮದರಸಾದ ಮಿನಾರು ಕಾಣುತ್ತಿತ್ತು. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು, ಉಳಿದಿರುವುದು ಒಂದು. ದಿನವೂ ಅದರ ಕೆಳಗೇ ಹಾದು ಬರುತ್ತಿದ್ದ ನಾನು ಅದನ್ನು ಸರಿಯಾಗಿ ನೋಡಿದ್ದು ಆ ಹಾಳೆಯ ಮೇಲೆ: ಉಗುರಿನಷ್ಟು ಎತ್ತರ, ತಲೆಕೆಳಗು, ಆದರೂ ಅಂಚು ಅಂಚೂ ಸ್ಪಷ್ಟ. ಆಕಾಶ ಕೆಳಗಿತ್ತು. ಅದರಲ್ಲಿ ಪಾರಿವಾಳಗಳು ಬೆನ್ನಡಿಯಾಗಿ ಹಾರುತ್ತಿದ್ದವು.

“ಅಳೆ,” ಎಂದರು.

ಮಸೂರದಿಂದ ಹಾಳೆಗೆ 20 ಸೆಂ.ಮೀ. ಅಷ್ಟು ದೂರದ ವಸ್ತುವಿನಿಂದ ಬರುವ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿರುತ್ತವೆ, ಹಾಗಾಗಿ ಅವು ಕೂಡುವ ಜಾಗವೇ ಸಂಗಮ. ಅದೇ ಜಾಗದಲ್ಲಿ ಬತ್ತಿ ಇಟ್ಟರೆ ಕಿರಣಗಳು ಸಮಾಂತರವಾಗಿ ಹೊರಟುಬಿಡುತ್ತವೆ; ಪರದೆಯನ್ನು ಊರ ನಡುವಿನ ಚೌಬಾರ ಗೋಪುರದವರೆಗೆ ಒಯ್ದರೂ ಜ್ವಾಲೆ ಮೂಡುವುದಿಲ್ಲ. ಯಾವಾಗಲೋ ಯಾರೋ ಮಸೂರಗಳನ್ನು ಡಬ್ಬಿಯಿಂದ ಡಬ್ಬಿಗೆ ಬದಲಿಸಿಬಿಟ್ಟಿದ್ದರು. ಹಿರಿಯನ ರೆಕಾರ್ಡೂ ಯಾರದ್ದೋ ನಕಲೇ ಇರಬೇಕು, ಎಷ್ಟು ತಲೆಮಾರಿನದೋ.

“ಅರ್ಧ ಗಂಟೆ ಇದೆ, ಮತ್ತೆ ಮಾಡು.”

ಆ ಅರ್ಧ ಗಂಟೆಯಷ್ಟು ಗಮನವಿಟ್ಟು ನಾನು ಆ ವರ್ಷ ಬೇರೇನನ್ನೂ ನೋಡಿರಲಿಲ್ಲ. ಬತ್ತಿಯನ್ನು 30ರಲ್ಲಿಟ್ಟಾಗ ಬೆಂಚಿನ ಆ ತುದಿಯಲ್ಲಿ ದೊಡ್ಡ ಜ್ವಾಲೆಯೊಂದು ತಲೆಕೆಳಗಾಗಿ ಉರಿಯಿತು: 59.6. ವಸ್ತುದೂರ 40 ಇಟ್ಟಾಗ 40.4. ಮೊದಲನೆಯದರ ಲೆಕ್ಕ 19.96ಕ್ಕೆ ಬಂತು, ಎರಡನೆಯದು 20.1ಕ್ಕೆ. ಎರಡೂ ಒಂದೇ ಆಗಿರಲಿಲ್ಲ. ಹಾಗೆಯೇ ಬರೆದೆ.

ಹೊರಡುವ ಮುನ್ನ ಡಬ್ಬಿಯ ಮೇಲಿನ 15 ಅನ್ನು ಹೊಡೆದು 20 ಎಂದು ಬರೆಯಹೋದೆ. ಅಟೆಂಡರ್ ಓಡಿ ಬಂದು ಡಬ್ಬಿ ಕಿತ್ತುಕೊಂಡರು. “ಸ್ಟಾಕ್ ರಿಜಿಸ್ಟರಿನಲ್ಲಿ 15 ಇದೆ ತಮ್ಮಾ. ಅದನ್ನು ಮುಟ್ಟಬೇಡ.”