ಮಳೆಗಾಲದ ಟಿಫಿನ್ ಡಬ್ಬಿ: ಶಿರಸಿ ಅಡುಗೆಮನೆಯ ಪ್ರಗತಿ ಟಿಪ್ಪಣಿ

ಜೂನ್

ಬೆಳಿಗ್ಗೆ ಕಾವಲಿಯಿಂದ ಇಳಿದ ತೆಳ್ಳೇವು, ಅಂದರೆ ತೆಳುವಾದ ಅಕ್ಕಿ ದೋಸೆ, ಮಕ್ಕಳ ಡಬ್ಬಿಯಲ್ಲಿ ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆ ಎಂಬುದೇ ಇಲ್ಲಿಯ ಲೆಕ್ಕ. ಬಿಸಿಯಿದ್ದಾಗ ಎಲ್ಲವೂ ರುಚಿಯೇ. ಹಾಗಾಗಿ ಹೊಸ ತಿಂಡಿ ಯಾವುದೇ ಇರಲಿ, ಮೊದಲು ರಜೆಯ ದಿನ ಡಬ್ಬಿಗೆ ತುಂಬಿ, ಐದು ತಾಸು ಬಿಟ್ಟು ತೆರೆದು ನೋಡುವುದು.

ಬರೀ ಅಕ್ಕಿ, ಸೌತೆಕಾಯಿಯ ತೆಳ್ಳೇವು ಈ ಪರೀಕ್ಷೆಯಲ್ಲಿ ಸೋತಿತು. ಆರಿದಂತೆ ಅಕ್ಕಿಯ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ, ತೊಗಲಿನ ಹಾಗೆ ಎಳೆದರೂ ಹರಿಯುವುದಿಲ್ಲ. ಈಗಿನ ಅಳತೆ: ದೋಸೆ ಅಕ್ಕಿ 2 ಲೋಟ, ಉದ್ದು 2 ಚಮಚ, ಮೆಂತೆ ಅರ್ಧ ಚಮಚ, ನಾಲ್ಕು ತಾಸು ನೆನೆಸಿ, ತುರಿದ ಸೌತೆಕಾಯಿ 1 ಲೋಟ ಸೇರಿಸಿ ನುಣ್ಣಗೆ ರುಬ್ಬುವುದು. ಹಿಟ್ಟು ಮಜ್ಜಿಗೆಯಷ್ಟು ತೆಳುವಿರಲಿ. ಗರಿಗರಿ ಮಾಡಬೇಡಿ, ಅಂಚು ಬಿಟ್ಟ ಕೂಡಲೇ ತೆಗೆದರೆ ಸುರುಳಿ ಒಡೆಯುವುದಿಲ್ಲ.

ಬಿಸಿಬಿಸಿ ತುಂಬಿ ಮುಚ್ಚಳ ಹಾಕಿದರೆ ಹಬೆ ಮುಚ್ಚಳದಲ್ಲಿ ನೀರಾಗಿ ತಿಂಡಿಯ ಮೇಲೇ ಬೀಳುತ್ತದೆ. ಮಗುಚಿದ ಜರಡಿಯ ಮೇಲೆ ಹತ್ತು ನಿಮಿಷ ಆರಿಸಿ, ತೆಳು ಬಟ್ಟೆ ಮುಚ್ಚಿ. ತಟ್ಟೆಯ ಮೇಲೆ ಆರಿಸಿದರೆ ಅಡಿಭಾಗ ಬೆವರುತ್ತದೆ.

ಜುಲೈ

ತೆಳ್ಳೇವಿಗೆ ಜೋನಿಬೆಲ್ಲ (ನೀರಾದ ಬೆಲ್ಲ) ಬೇಕೇ ಬೇಕು, ಆದರೆ ಡಬ್ಬಿಯಲ್ಲಿ ಹರಿದು ಎಲ್ಲವನ್ನೂ ನೆನೆಸುತ್ತದೆ. 1 ಲೋಟ ಕಾಯಿತುರಿಗೆ ಅರ್ಧ ಲೋಟ ಜೋನಿಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ನೀರಾರಿ ಬಾಣಲೆಯ ಬದಿ ಬಿಡುವವರೆಗೆ ಕೈಯಾಡಿಸಿ. ಇದನ್ನು ತೆಳ್ಳಗೆ ಸವರಿ ಸುತ್ತಿ, ಎರಡು ಬೆರಳಗಲಕ್ಕೆ ಕತ್ತರಿಸಿ, ಕತ್ತರಿಸಿದ ಬದಿ ಮೇಲಾಗಿ ಒತ್ತೊತ್ತಾಗಿ ನಿಲ್ಲಿಸಿ. ಜಾಗ ಉಳಿದರೆ ಚೀಲ ಕುಲುಕಿದಾಗ ಬಿಚ್ಚಿಕೊಳ್ಳುತ್ತದೆ. ಖಾರ ಬೇಡುವ ಮಕ್ಕಳಿಗೆ ತುಪ್ಪದಲ್ಲಿ ಕಲಸಿದ ಶೇಂಗಾ ಚಟ್ನಿಪುಡಿ; ಹಸಿಕಾಯಿ ಚಟ್ನಿ ಡಬ್ಬಿಗೆ ಬೇಡವೇ ಬೇಡ, ಊಟದ ಹೊತ್ತಿಗೆ ಹಳಸಿರುತ್ತದೆ.

ಬಣ್ಣದ ವಿಚಾರ: ಹಿಟ್ಟಿಗೆ ಬೆರೆಸಿದ ಬೀಟ್‌ರೂಟ್ ರಸ ಕಾವಲಿಯ ಕಾವಿಗೆ ಮಂಕಾಗುತ್ತದೆ. ಕ್ಯಾರೆಟ್ ತುರಿ ನಿಲ್ಲುತ್ತದೆ.

ಮೊಳಕೆ ಹೆಸರುಕಾಳು ಈ ಚಳಿಗೆ ನಿಧಾನ. ಎಂಟು ತಾಸು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಡಿ. ಬೆಳಿಗ್ಗೆ, ಸಂಜೆ ತೊಳೆಯದಿದ್ದರೆ ಲೋಳೆಗಟ್ಟುತ್ತದೆ. ಹಸಿಯಾಗಿ ಕೊಡದೆ ಹಬೆಯಲ್ಲಿ ಬೇಯಿಸಿಯೇ ಒಗ್ಗರಣೆ ಹಾಕಿ.

ಆಗಸ್ಟ್

ಅನ್ನದ ದಿನಗಳು. ರಾತ್ರಿ ಹೊರಗೇ ಉಳಿದ ಅನ್ನದಿಂದ ಚಿತ್ರಾನ್ನ ಮಾಡುವ ರೂಢಿ ಮಕ್ಕಳ ಡಬ್ಬಿಗೆ ಒಳ್ಳೆಯದಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಹಾಗೇ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಳೆಗೆ ಕರೆಂಟು ಹೋಗುತ್ತಿದ್ದರೆ ಫ್ರಿಜ್ಜನ್ನೂ ನಂಬುವಂತಿಲ್ಲ. ಬೆಳಿಗ್ಗೆಯೇ ಅನ್ನ ಮಾಡಿ, ಅಗಲ ತಟ್ಟೆಗೆ ಹರವಿ ಆರಿಸಿ; ಲಿಂಬೆರಸ ಒಲೆ ಆರಿಸಿದ ಮೇಲೆ.

ಮೊಸರನ್ನಕ್ಕೆ 1 ಲೋಟ ಮೆತ್ತಗಿನ ಅನ್ನ, ಮುಕ್ಕಾಲು ಲೋಟ ಕಾಯಿಸಿ ಆರಿಸಿದ ಹಾಲು. ಕರಾವಳಿಯ ಕುಮಟಾ, ಕಾರವಾರದ ಸೆಕೆಗೆ 1 ಚಮಚ ಮೊಸರು ಸಾಕು, ಹೆಚ್ಚಾದರೆ ಹುಳಿ. ಘಟ್ಟದ ಮೇಲೆ, ನಮ್ಮ ಶಿರಸಿಯಲ್ಲಿ, ಅಷ್ಟು ಹಾಕಿದರೆ ಹೆಪ್ಪೇ ಆಗದು, 3 ಚಮಚ ಬೇಕು. ಜೊತೆಗೆ ನೀರು ಬಸಿದ ಅಪ್ಪೆಮಿಡಿ (ಎಳೆ ಮಾವಿನ ಉಪ್ಪಿನಕಾಯಿ)ಯ ಒಂದು ಹೋಳು, ಸ್ಟೀಲ್ ಬಟ್ಟಲಲ್ಲಿ ಬೇರೆಯಾಗಿ. ಹಣ್ಣಿಗೆ ಪರದಾಟ ಬೇಡ, ಎರಡು ತುಂಡು ಸುಕೇಳಿ (ಒಣಗಿಸಿದ ಬಾಳೆಹಣ್ಣು) ಸಾಕು.

ಬಾಕಿ ಕೆಲಸ: ಮುಚ್ಚಳದ ರಬ್ಬರ್ ಬಳೆ. ಅದನ್ನು ಬಿಚ್ಚದೆ ತೊಳೆದರೆ ಸಂದಿಯಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ. ಈ ಹವೆಯಲ್ಲಿ ಒಂದು ರಾತ್ರಿಗೆ ಒಣಗುವುದೂ ಇಲ್ಲ, ಆದ್ದರಿಂದ ಎರಡು ಬಳೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸುವುದು.