ಹಳೆ ವ್ಯಾನಿನ ಒಳಗಿನ ಬಣ್ಣಗಳು

ಕಾಲೇಜಿಗೆ ಬಂದಾಗಲೆಲ್ಲ ಈಗಿನ ವಿದ್ಯಾರ್ಥಿಗಳು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಆ ಹಳೆ ವ್ಯಾನಿನ ಹೊರಗೆ ಒಂದು ಗೆರೆಯೂ ಇಲ್ಲ, ಒಳಗೆ ಮಾತ್ರ ಅಷ್ಟೊಂದು ಚಿತ್ರ, ಯಾಕೆ? ಅದು ನಿಮಗೆ ಹೊಳೆದದ್ದು ಹೇಗೆ? ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರಿ ಅಂದಾಗ ಇದನ್ನೇ ಬರೆಯೋಣ ಅನ್ನಿಸಿತು.

ಅದು ಫೋಕ್ಸ್‌ವ್ಯಾಗನ್ ವ್ಯಾನ್. ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ಜರ್ಮನಿಯಲ್ಲಿ ತಯಾರಾದ ಗಾಡಿಗಳಿಗೆ 1967ರ ತನಕ ಮುಂದಿನ ಗಾಜು ಎರಡು ತುಂಡಾಗಿ ಬರುತ್ತಿತ್ತು. ನಮ್ಮದೂ ಅಂಥದ್ದೇ. ಶಿಲ್ಪ ವಿಭಾಗದವರು ಸಾಮಾನು ಸಾಗಿಸಿ ಸಾಗಿಸಿ, ಕೊನೆಗೆ ಶೆಡ್ಡಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಕೊನೆಯ ವರ್ಷದಲ್ಲಿದ್ದ ನಮಗೆ ಪೇಂಟಿಂಗ್ ಮೇಡಂ, "ಇದನ್ನು ನೀವು ತಗೊಳ್ಳಿ" ಅಂದರು.

ನಾವೆಲ್ಲ ಓಡಿದ್ದು ಲೈಬ್ರರಿಗೆ. ಬಣ್ಣ ಬಳಿದ ಕಾರುಗಳ ಫೋಟೋ ಹುಡುಕಿದ್ದೇ ಹುಡುಕಿದ್ದು. 1967ರಲ್ಲಿ ಹಳದಿ ಮೈ ಮೇಲೆ ಹೂಬಳ್ಳಿ ಬರೆಸಿಕೊಂಡ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಅವರ ರೋಲ್ಸ್ ರಾಯ್ಸ್ ಕಾರು ಸಿಕ್ಕಿತು. 1975ರಲ್ಲಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಬಣ್ಣ ಹಚ್ಚಿದ ಬಿಎಂಡಬ್ಲ್ಯು ರೇಸ್ ಕಾರು ಸಿಕ್ಕಿತು. ದಕ್ಷಿಣ ಆಫ್ರಿಕಾದ ಕಲಾವಿದೆ ಎಸ್ತರ್ ಮಹ್ಲಾಂಗು 1991ರಲ್ಲಿ ತಮ್ಮ ಎನ್‌ಡೆಬೆಲೆ ಜನರ ಗೋಡೆಚಿತ್ರಗಳನ್ನೇ ಒಂದು ಬಿಎಂಡಬ್ಲ್ಯು ಕಾರಿನ ಮೈಗೆ ತಂದಿದ್ದರು. ಕಪ್ಪು ಗೆರೆಯ ಚೌಕಟ್ಟು, ಒಳಗೆ ತುಂಬು ಬಣ್ಣ. ಎಲ್ಲವೂ ಬಹಳ ಚೆನ್ನಾಗಿದ್ದವು. ಆದರೆ ಎಲ್ಲವೂ ಹೊರಗಿನ ಚಿತ್ರಗಳೇ. ರಸ್ತೆಯಲ್ಲಿ ಹೋಗುವವರು ನೋಡಲಿ ಅಂತ ಬಿಡಿಸಿದವು.

ಮೇಡಂ ನಮ್ಮ ಸ್ಕೆಚ್ ಪುಸ್ತಕಗಳನ್ನು ತಿರುವಿ ಹಾಕಿ, "ಒಳಗೆ ಹೋಗಿ ಸುಮ್ನೆ ಕೂತ್ಕೊಳ್ಳಿ. ಏನೂ ಬಿಡಿಸಬೇಡಿ" ಅಂದರು. ಮೊದಮೊದಲು ಬೇಜಾರಾಯಿತು. ಕೈಯಲ್ಲಿ ಬ್ರಷ್ ಇಲ್ಲದೆ ತಗಡಿನ ಗಾಡಿಯಲ್ಲಿ ಕೂತು ಏನು ಮಾಡೋದು? ಕೂರುತ್ತಾ ಕೂರುತ್ತಾ ಕಣ್ಣು ಪಳಗಿತು. ಕಿಟಕಿಯ ಪಕ್ಕ, ಭುಜದ ಎತ್ತರಕ್ಕೆ, ಅಂಗೈಯಗಲ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ಎಷ್ಟು ಜನ ಅಲ್ಲಿ ಒರಗಿ ನಿದ್ದೆ ಮಾಡಿದ್ದರೋ! ಮುಟ್ಟಿದರೆ ಅಷ್ಟು ಜಾಗ ಮಾತ್ರ ನುಣುಪು. ಸುತ್ತಲಿನ ಬಣ್ಣ ಅಂಚಿಗೆ ಬರುತ್ತಾ ತೆಳುವಾಗಿ, ಕೆಳಗಿನ ಪ್ರೈಮರ್ ಒಂದು ಬೂದು ಉಂಗುರದ ಹಾಗೆ ಕಾಣುತ್ತಿತ್ತು. ಅದನ್ನು ಮುಚ್ಚುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ.

ಚಾವಣಿಯ ವಿಷಯವೂ ಹಾಗೇ ಹೊಳೆಯಿತು. ಒಳಬಟ್ಟೆ ಕಿತ್ತುಹೋಗಿದ್ದರಿಂದ ತಗಡಿನ ಅಡ್ಡಪಟ್ಟಿಗಳು ಕಾಣುತ್ತಿದ್ದವು. ಮುಂದಿನ ದೊಡ್ಡ ಗಾಜಿನಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು. ಹಿಂದೆ ಹೋದಷ್ಟೂ ಕತ್ತಲೆ. ಅಂದರೆ ಗಾಡಿಯ ಒಳಗೇ ಬೆಳಗೂ ಇತ್ತು, ರಾತ್ರಿಯೂ ಇತ್ತು. ನಾವು ಮಾಡಿದ್ದು ಇಷ್ಟೇ: ಪಟ್ಟಿಯಿಂದ ಪಟ್ಟಿಗೆ ಹೊತ್ತು ಏರಿ ಇಳಿಯುವ ಆಕಾಶ ಬಿಡಿಸಿದೆವು. ಡ್ರೈವರ್ ತಲೆ ಮೇಲೆ ಮುಂಜಾವು, ಕೊನೆಯ ಸೀಟಿನ ಮೇಲೆ ನಕ್ಷತ್ರ. ಸವೆದ ಜಾಗವನ್ನು ಹಾಗೇ ಬಿಟ್ಟು ಸುತ್ತಲೂ ಮೋಡ ತಂದೆವು. ಪ್ರೇರಣೆ ಅಂತ ಕೇಳುತ್ತೀರಲ್ಲ, ಅದನ್ನು ಕೊಟ್ಟದ್ದು ಆ ಗಾಡಿ, ಅದರಲ್ಲಿ ಕೂತು ಎದ್ದು ಹೋದ ಜನ.

ಕೆಲಸ ಸುಲಭದ್ದೇನೂ ಆಗಿರಲಿಲ್ಲ. ವೈರ್ ಬ್ರಷ್ಷಿನಲ್ಲಿ ತುಕ್ಕು ಕೆರೆದು, ಎಮರಿ ಪೇಪರ್ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಬಳಿದ ಮೇಲೆಯೇ ಬಣ್ಣ. ಥಿನ್ನರ್ ವಾಸನೆಗೆ ತಲೆ ಸುತ್ತಬಾರದು ಅಂತ ಬಾಗಿಲುಗಳನ್ನೆಲ್ಲ ತೆರೆದೇ ಇಡುತ್ತಿದ್ದೆವು. ಇಟಲಿಯ ಕಲಾವಿದ ಮೈಕೆಲೇಂಜೆಲೊ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನ ಚಾವಣಿಯನ್ನು ಮಲಗಿಕೊಂಡು ಬಿಡಿಸಿದರು ಅಂತ ಬಹಳ ಜನ ನಂಬಿದ್ದಾರೆ. 1508ರಿಂದ 1512ರ ತನಕ ನಡೆದ ಆ ಕೆಲಸವನ್ನು ಅವರು ಅಟ್ಟಣಿಗೆ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿಕೊಂಡೇ ಮಾಡಿದ್ದು. ನಮ್ಮ ವ್ಯಾನಿನಲ್ಲಿ ನಿಲ್ಲೋಕೆ ಎತ್ತರವೇ ಇಲ್ಲ. ಹಾಗಾಗಿ ನಾವು ನಿಜವಾಗಿಯೂ ಅಂಗಾತ ಮಲಗಿ ಬಿಡಿಸಿದೆವು, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಡ್ಯಾಶ್‌ಬೋರ್ಡಿಗೆ ಹೊಳಪಿಲ್ಲದ ಕಡು ಬಣ್ಣ ಮಾತ್ರ ಹಚ್ಚಿದೆವು. ತಿಳಿ ಬಣ್ಣವಾದರೆ ಅದರ ಪ್ರತಿಬಿಂಬ ಗಾಜಿನಲ್ಲಿ ಬಿದ್ದು ಡ್ರೈವರ್‌ಗೆ ರಸ್ತೆ ಸರಿಯಾಗಿ ಕಾಣುವುದಿಲ್ಲ. ರೆಕ್ಸಿನ್ ಸೀಟುಗಳನ್ನು ಮುಟ್ಟಲಿಲ್ಲ, ಕೂತಾಗಲೆಲ್ಲ ಬಗ್ಗುವ ಜಾಗದಲ್ಲಿ ಬಣ್ಣ ಬಿರುಕು ಬಿಡುತ್ತದೆ. ಕೆಂಪಿನ ಬಗ್ಗೆ ಮೇಡಂ ಬಹಳ ಕಟ್ಟುನಿಟ್ಟು. ಅಲಿಜರಿನ್ ಕ್ರಿಮ್ಸನ್ ಬಿಸಿಲಿಗೆ ಬೇಗ ಮಾಸುತ್ತದೆ, ಕಿಟಕಿ ಹತ್ತಿರ ಬೇಡವೇ ಬೇಡ ಅಂದರು. ಹಾಗಾಗಿ ಮುಂಜಾವಿನ ಕೆಂಪಿಗೆ ಕಾವಿ, ಹಳದಿಗೆ ಮಣ್ಣಿನ ಹಳದಿ. ಇವೆರಡೂ ಕಬ್ಬಿಣದ ಅಂಶದ ಬಣ್ಣಗಳು, ಬೆಳಕಿಗೆ ಬಗ್ಗುವುದಿಲ್ಲ. ಇವತ್ತಿಗೂ ಆ ಮುಂಜಾವು ಹೇಗಿದೆ ನೋಡಿ!

ಎಷ್ಟೋ ವರ್ಷದ ಮೇಲೆ, 2016ರಲ್ಲಿ, ಅದೇ ಎಸ್ತರ್ ಮಹ್ಲಾಂಗು ಇನ್ನೊಂದು ಬಿಎಂಡಬ್ಲ್ಯುಗೆ ಚಿತ್ರ ಬಿಡಿಸಿದರು. ಈ ಸಲ ಹೊರಗಲ್ಲ, ಒಳಗಿನ ಮರದ ಪಟ್ಟಿಗಳ ಮೇಲೆ. ಎಂಬತ್ತು ದಾಟಿದ ಆ ಅಜ್ಜಿ ಕಾರಿನ ಒಳಗಿನ ಜಾಗವನ್ನು ಆರಿಸಿಕೊಂಡ ಸುದ್ದಿ ಓದಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪತ್ರಿಕೆಯಿಂದ ಆ ಚಿತ್ರ ಕತ್ತರಿಸಿ ಮೇಡಂಗೆ ಕಳಿಸಿದ್ದೆ.

ಈಗ ಬಾಗಿಲ ಹತ್ತಿರದ ಮೋಡ ಸವೆದಿದೆ, ಮತ್ತೆ ಬಣ್ಣ ಹಚ್ಚೋಣವಾ ಅಂತ ಕಳೆದ ಸಲ ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಬೇಡಮ್ಮ. ಜನ ಒರಗಿ ಸವೆಸಿದ್ದು ಹಾಗೇ ಇರಲಿ. ಆದರೆ ಹಿಂದಿನ ಕಿಟಕಿಯ ರಬ್ಬರ್ ಬಿರುಕು ಬಿಟ್ಟು ನೀರು ಇಳಿಯುತ್ತಿದೆ, ನಕ್ಷತ್ರಗಳ ಪಟ್ಟಿಯ ಅಂಚಿನಲ್ಲಿ ತುಕ್ಕು ಶುರುವಾಗಿದೆ. ಈ ವರ್ಷದ ಕೊನೆಯ ವರ್ಷದವರು ಮೊದಲು ಆ ರಬ್ಬರ್ ಬದಲಿಸಲಿ. ತುಕ್ಕು ಕೆರೆಯುವ ದಿನ ಹೇಳಿಕಳಿಸಿ, ನಾನೂ ಬರುತ್ತೇನೆ.